ನಿಮ್ಮಪ್ಪ ಗಾಡಿ ಕೊಂಡ ಕಾರಣ

ಫಾರ್ಮಿಂಗ್ಟನ್ ಹಿಲ್ಸ್
ಗುರುವಾರ, ಸೆಪ್ಟೆಂಬರ್ 18, 2025

ಸಿಟ್ಟಾಗಿರುವ ಮಗಳು ವರ್ಷಾಳಿಗೆ, ಸಿಟ್ಟು ಬರಿಸಿದ ಅವ್ವನ ಆಶೀರ್ವಾದಗಳು.

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ, ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಎಲ್ಲ ವಿಭಾ ಆಂಟಿ ಮಾಡಿದ ಕೆಲಸ. ನಿಮ್ಮಪ್ಪ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಸೊಂಟದ ಮೇಲೆ ಕೈ ಇಟ್ಟು, ಮೋಟರ್‌ಹೋಮಿನ ಮುಂದೆ ಹೀರೋ ಹಾಗೆ ನಿಂತಿದ್ದ ಫೋಟೋವನ್ನು ಕನ್ನಡ ಕೂಟದ ಗ್ರೂಪಿಗೆ ಹಾಕಿಬಿಟ್ಟಳು. ಡೆಟ್ರಾಯ್ಟಿನ ಸುದ್ದಿ ಶಿಕಾಗೋಗೆ ಹೋಗಿ ಮುಟ್ಟಲು ಎಷ್ಟು ಹೊತ್ತು! ನಾನೇ ಹೇಳಬೇಕೆಂದು ಇಟ್ಟುಕೊಂಡಿದ್ದ ವಿಷಯ ನಿನಗೆ ಫೋಟೋದಲ್ಲಿ ಸಿಕ್ಕಿತು, ನೀನು ಕೆಂಡವಾದೆ.

ನಿನ್ನ ಮಾತಿನಲ್ಲಿ ತಪ್ಪಿಲ್ಲ. ನೀನು, ನನ್ನ ಬಾಣಂತನಕ್ಕೆ ಬರಲು ಆಗಲಿಲ್ಲ, ಗೃಹಪ್ರವೇಶಕ್ಕೆ ಬರಲು ಆಗಲಿಲ್ಲ, ಮಾನ್ಯಾಳ ಒಂದು ಹುಟ್ಟುಹಬ್ಬಕ್ಕೂ ಬರಲಿಲ್ಲ, ಈಗ ಊರು ತಿರುಗಲು ಚಕ್ರದ ಮೇಲೆ ಮನೆಯೇ ಬೇಕಾಯಿತಾ ಅಂತ ಕೇಳಿದೆ. ಮುಂದಿನ ತಿಂಗಳ ಹೆರಿಗೆಗೆ ನೀವು ತೊಂದರೆ ತಗೋಬೇಡಿ, ಮೈಸೂರಿನಿಂದ ಅತ್ತೆ ಬರ್ತಾರೆ ಅಂದೆ. ಆ ‘ತೊಂದರೆ’ ಅನ್ನುವ ಶಬ್ದ ನನ್ನ ಎದೆಗೆ ನಾಟಿತು. ಹಡೆದ ಮಗಳ ಬಾಣಂತನ ಯಾವ ತಾಯಿಗೆ ತೊಂದರೆಯಾದೀತು? ನಿಮ್ಮಪ್ಪ ಮಾತ್ರ, ಬೈಲಿ ಬಿಡು, ಹೊಟ್ಟ್ಯಾಗ ಕೂಸು ಇಟ್ಕೊಂಡಾಕಿ ಬೈದ್ರ ಆಶೀರ್ವಾದ ಇದ್ದಂಗ ಅಂತ ಹೇಳಿ ಲಾನ್ ಕತ್ತರಿಸಲು ಹೋದರು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಕೈಗೆ ಬಂದರೆ ನನಗೆ ಸುಳ್ಳು ಸಲೀಸಾಗಿ ಬರುತ್ತದೆ, ಮೂರು ವರ್ಷದ ರೂಢಿ. ಅದಕ್ಕೇ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಮೂರನೇ ಇಯತ್ತೆ ಮುಗಿಸಿ ಈ ದೇಶಕ್ಕೆ ಬಂದವಳು ನೀನು, ಕನ್ನಡ ನಿಧಾನವಾಗಿಯಾದರೂ ಓದುತ್ತೀ. ತೊಡಕಾಯಿತು ಅಂತ ನಿರಂಜನನ ಕೈಗೆ ಮಾತ್ರ ಕೊಡಬೇಡ. ಇದು ಅಳಿಯ ಓದುವ ಪತ್ರವಲ್ಲ. ಮಾನ್ಯಾಳಿಗೆ ಐಪ್ಯಾಡ್ ಕೊಟ್ಟು, ಬಾಗಿಲು ಹಾಕಿಕೊಂಡು ಓದು.

ನಿಮ್ಮಪ್ಪ ಗಾಡಿ ಯಾಕೆ ಕೊಂಡರು ಅಂತ ಇಲ್ಲಿ ಎಲ್ಲರಿಗೂ ಕುತೂಹಲ. ಗುಡಿಯ ಕ್ಯಾಂಟೀನಿನಲ್ಲಿ ದೋಸೆಗೆ ಸಾಲು ನಿಂತಾಗಲೂ ಅದೇ ಮಾತು. ಕೇಳಿದವರಿಗೆಲ್ಲ ನಿಮ್ಮಪ್ಪ ಒಂದೊಂದು ಕಾರಣ ಹೇಳುತ್ತಾರೆ. ಒಬ್ಬರಿಗೆ, ಹೋಟೆಲಿನವರ ಚೆಕ್‌ಇನ್ ಚೆಕ್‌ಔಟ್ ಗೊಡವೆ ಇಲ್ಲ, ಮನಸ್ಸು ಬಂದಲ್ಲಿ ನಿಲ್ಲಬಹುದು ಅಂತ. ಇನ್ನೊಬ್ಬರಿಗೆ, ಜೀವನವೆಲ್ಲ ಕಾರಿನ ಬ್ರೇಕ್ ಡಿಸೈನ್ ಮಾಡಿದೆ, ಈಗ ಬ್ರೇಕ್ ಬಿಟ್ಟು ತಿರುಗಬೇಕು ಅಂತ. ಮತ್ತೊಬ್ಬರಿಗೆ, ನಮ್ಮ ಕಮಲಾಗ ಹೊರಗಿನ ಊಟ ಒಗ್ಗೋದಿಲ್ಲ, ಅಡಿಗಿಮನಿ ಜೋಡಿನೇ ಬರ್ತದ ಅಂತ. ರಾಜಶೇಖರ್ ಅಂಕಲ್ ಸುಮ್ಮನಿರುವ ಮನುಷ್ಯನಲ್ಲ. ಅರವತ್ತಕ್ಕ ಅರಳುಮರಳು ಅಂತಾರ, ನಿಮಗ ಅರವತ್ತಾರಕ್ಕ ಬಂತಲ್ರಿ ಅಂತ ಎಲ್ಲರ ಎದುರು ನಕ್ಕರು. ನಿಮ್ಮಪ್ಪನೂ ನಕ್ಕರು. ನಾನು ಮಾತ್ರ ಚಟ್ನಿ ಬಟ್ಟಲಿನಲ್ಲಿ ಮುಖ ಇಟ್ಟುಕೊಂಡು ಕೂತೆ, ಏಕೆಂದರೆ ನಿಜವಾದ ಕಾರಣ ನಾನೇ.

ಬರೆದೇ ಬಿಡುತ್ತೇನೆ. ನಿನ್ನ ಅವ್ವನಿಗೆ ಒಂದಕ್ಕೆ ತಡೆದುಕೊಳ್ಳಲು ಆಗುವುದಿಲ್ಲ. ಬಂತು ಅಂದರೆ ಬಂತು, ಹೈವೇಯ ಮುಂದಿನ ಎಕ್ಸಿಟ್ ತನಕ ಕಾಯುವ ಮಾತೇ ಇಲ್ಲ.

ನೋಡು, ಬರೆದೆ, ಆಕಾಶವೇನೂ ಕಳಚಿ ಬೀಳಲಿಲ್ಲ. ಫ್ರಿಜ್ ತನ್ನ ಪಾಡಿಗೆ ಗುಂಯ್ ಅನ್ನುತ್ತಿದೆ.

ಮೊದಲೂ ಸ್ವಲ್ಪ ಇತ್ತು. ಜೋರಾಗಿ ನಕ್ಕರೆ, ಸೀನಿದರೆ. ವಯಸ್ಸಾಯಿತು ಅಂತ ಸುಮ್ಮನಿದ್ದೆ. ಮಾನ್ಯಾ ಹೊಟ್ಟೆಯಲ್ಲಿದ್ದಾಗ ನಿನಗೆ ಕುಬುಸ ಮಾಡಲು ಶಿಕಾಗೋ ಪಕ್ಕದ ನಿಮ್ಮ ಲೊಂಬಾರ್ಡಿಗೆ ಬಂದಿದ್ದೆವಲ್ಲ, ಹಿಂದಿರುಗುವಾಗ ಆದದ್ದು ಅದು. ಮುಂದೆ ನಿಮ್ಮಪ್ಪ, ನಾನು. ಹಿಂದೆ ರಾಜಶೇಖರ್ ಅಂಕಲ್, ವಿಭಾ ಆಂಟಿ. ನಾನು ಉಟ್ಟಿದ್ದು ಇಳಕಲ್ ಸೀರೆ. ಇಂಡಿಯಾನಾ ದಾಟುವ ಹೊತ್ತಿಗೆ ಮುಂದೆ ಎಲ್ಲೋ ಟ್ರಕ್ ಉರುಳಿ, ಹೈವೇ ಪೂರ್ತಿ ನಿಂತುಹೋಯಿತು. ಎಡಕ್ಕೆ ಲಾರಿ, ಬಲಕ್ಕೆ ಲಾರಿ. ಹಿಂದೆ ಕೂತವರು ನಿನ್ನ ಕುಬುಸದ ಹೋಳಿಗೆಯನ್ನು ಹೊಗಳುತ್ತಿದ್ದಾರೆ, ನಾನು ಹಲ್ಲು ಕಚ್ಚಿಕೊಂಡು ಹೂಂ ಅನ್ನುತ್ತಿದ್ದೇನೆ. ಕೊನೆಗೆ ಆಗಲಿಲ್ಲ, ವರ್ಷಾ. ಸೀರೆ, ಸೀಟು ಎಲ್ಲ ಒದ್ದೆ.

ನಿಮ್ಮಪ್ಪ ಒಂದು ಸಲ ನನ್ನ ಕಡೆ ನೋಡಿದರು. ಮರುಕ್ಷಣ ದೊಡ್ಡ ನೀರಿನ ಬಾಟಲಿಯ ಮುಚ್ಚಳ ತೆಗೆದು ಕುಡಿಯುವ ಹಾಗೆ ಮಾಡಿ, ಅದನ್ನು ಪೂರ್ತಿ ನನ್ನ ಮಡಿಲಿಗೆ ಸುರಿದುಬಿಟ್ಟರು. ಅಯ್ಯ, ಕೈ ಜಾರಿತಲ್ಲ ಅಂದರು. ವಿಭಾ ಆಂಟಿ ಟಿಶ್ಯೂ ಕೊಟ್ಟಳು. ಇಳಕಲ್ ಸೀರಿ ಮ್ಯಾಲೆ ನೀರು ಚೆಲ್ಲೀರಲ್ಲ, ಕಣ್ಣು ಕಾಣಸ್ತಾವೋ ಇಲ್ಲೋ ಅಂತ ಅವರಿಗೆ ಒಂದು ಮಂಗಳಾರತಿ ಆಯಿತು. ನಾನೂ ಅವಳ ಜೊತೆ ಸೇರಿ ಬೈದೆ. ಬೈಯದಿದ್ದರೆ ಅನುಮಾನ ಬರುತ್ತಿತ್ತಲ್ಲ! ತಪ್ಪಾಯಿತು ತಪ್ಪಾಯಿತು ಅನ್ನುತ್ತ ಮನೆ ತನಕ ಡ್ರೈವ್ ಮಾಡಿದರು. ಅಂದಿನಿಂದ ಇಂದಿನವರೆಗೆ ಆ ಮಾತು ಎತ್ತಿಲ್ಲ. ನಿಮ್ಮಪ್ಪ ಮಾತು ಕಡಿಮೆ ಆಡುವ ಮನುಷ್ಯ ಅಂತ ನಾನು ಎಷ್ಟು ಸಲ ಗೊಣಗಿದ್ದೇನೆ, ಇನ್ನು ಗೊಣಗುವುದಿಲ್ಲ.

ಅವತ್ತಿನಿಂದ ನಾನು ಹೊರಗೆ ಹೋಗುವುದನ್ನು ಬಿಟ್ಟೆ. ಹೋಗಲೇಬೇಕಾದ ದಿನ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ವಿಮಾನದಲ್ಲಿ ಒಂದೇ ಗಂಟೆ ಅಲ್ವಾ ಅವ್ವಾ ಅಂತ ನೀನು ಎಷ್ಟು ಕರೆದೆ. ಆ ಒಂದು ಗಂಟೆಯಲ್ಲಿ ಸೀಟ್‌ಬೆಲ್ಟ್ ದೀಪ ಹೊತ್ತಿಕೊಂಡು ಯಾರೂ ಏಳಬಾರದು ಅಂದುಬಿಟ್ಟರೆ ಅನ್ನುವುದೇ ನನ್ನ ಭಯ. ಮೊಣಕಾಲು ನೋವು ಅಂದೆ, ಚಳಿ ಅಂದೆ. ಕಾರಣಗಳು ಮುಗಿದ ಮೇಲೆ, ನನ್ನ ಸ್ನಾನ, ಲಿಂಗಪೂಜೆ ದಾರಿಯಲ್ಲಿ ಸರಿಯಾಗಿ ಆಗುವುದಿಲ್ಲ ಅಂದೆ. ನೀನು ನಂಬಿದೆ. ಹುಚ್ಚು ಹುಡುಗಿ, ಇಷ್ಟಲಿಂಗ ಇರುವುದು ಕೊರಳಲ್ಲಿ! ಎಲ್ಲಿ ಹೋದರೂ ಜೊತೆಗೆ ಬರಲಿ ಅಂತಲೇ ಹಿರಿಯರು ಕೊರಳಿಗೆ ಕಟ್ಟಿದ್ದು. ಅಂಥ ದೇವರನ್ನೇ ನಾನು ಪ್ರಯಾಣಕ್ಕೆ ಅಡ್ಡಿ ಅಂತ ಹೇಳಿಬಿಟ್ಟೆ. ಆತ ಕ್ಷಮಿಸಿದ್ದಾನೆ, ನೀನು ಬಾಕಿ.

ಮಾನ್ಯಾ ಹುಟ್ಟಿದಾಗ ಅಂಟಿನ ಉಂಡೆ ಕಟ್ಟಿ, ಡಬ್ಬಿ ತುಂಬಿ, ನಿಮ್ಮಪ್ಪನನ್ನು ಒಬ್ಬರನ್ನೇ ವಿಮಾನ ಹತ್ತಿಸಿದೆ. ಅವರು ಹಿಂದಿರುಗಿ ಬಂದು ಒಂದೇ ಮಾತು ಹೇಳಿದರು. ಬಾಗಿಲು ತೆಗೆದ ವರ್ಷಾ ನನ್ನ ಬೆನ್ನ ಹಿಂದ ನಿನ್ನನ್ನ ಹುಡುಕಿದಳು ಅಂತ. ಆ ದಿನ ಅಡಿಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ನಿನ್ನ ಅತ್ತೆ ಸುವರ್ಣಮ್ಮ ಸಮುದ್ರ ದಾಟಿ ಬಂದರು, ನಾನು ನಡುವಿನ ಒಂದು ಸರೋವರ ಸುತ್ತಿ ಬರಲಿಲ್ಲ. ಪಾಪ, ಚೆನ್ನಾಗಿಯೇ ನೋಡಿಕೊಂಡರು. ದಿನವೂ ಮೆಣಸಿನ ಸಾರು, ಮೆಣಸಿನ ಸಾರು ಅಂತ ನೀನು ಫೋನಿನಲ್ಲಿ ಮುಖ ಸಿಂಡರಿಸಿದ್ದು ಬೇರೆ ಮಾತು. ಹೋದ ತಿಂಗಳು ಮಾನ್ಯಾ, ಅಜ್ಜಿ ಫೋನಿನ ಒಳಗೇ ಇರೋದಾ ಅಂತ ಇಂಗ್ಲಿಷಿನಲ್ಲಿ ಕೇಳಿದಳಲ್ಲ, ನೀವೆಲ್ಲ ನಕ್ಕಿರಿ. ನಿಮ್ಮಪ್ಪ ನಗಲಿಲ್ಲ.

ಅದಾದ ವಾರದಲ್ಲೇ ಬೆಳಿಗ್ಗೆ ಎಲ್ಲಿಗೋ ಹೋದವರು, ಮಧ್ಯಾಹ್ನ ಈ ಗಾಡಿಯನ್ನು ತಂದು ಡ್ರೈವ್‌ವೇಯಲ್ಲಿ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್, ಆದರೆ ಅಚ್ಚುಕಟ್ಟು. ನನಗೆ ಮೈ ಉರಿದುಹೋಯಿತು. ನಾನು ಮನೆ ಬಿಟ್ಟು ಹೊರಡುವುದಿಲ್ಲ ಅಂದರೆ ಮನೆಯನ್ನೇ ಹೊರಡಿಸುತ್ತೀರಾ ಅಂತ ಕೂಗಾಡಿದೆ. ಅವರು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹಾಸಿಗೆ ತೋರಿಸಲಿಲ್ಲ, ಒಲೆ ತೋರಿಸಲಿಲ್ಲ. ಸೀದಾ ಹಿಂದೆ ಹೋಗಿ ಒಂದು ಪುಟ್ಟ ಬಾಗಿಲು ತೆಗೆದರು. ಬಚ್ಚಲು, ಪಾಯಖಾನೆ. ಎಲ್ಲಿ ಟ್ರಾಫಿಕ್ ನಿಂತ್ರೂ ಇದು ನಮ್ಮ ಜೋಡೀನ ಇರತದ ಅಂದರು. ಆಮೇಲೆ ಫ್ಯಾನಿನ ಬಟನ್ ಒತ್ತಿ, ಇದರ ಮೋಟರ್ ಭಾರಿ ಚೊಲೋ ಅದ ಅಂತ ಏನೇನೋ ಇಂಜಿನಿಯರ್ ಮಾತು ಶುರು ಮಾಡಿದರು, ನನ್ನ ಮುಖ ನೋಡಬಾರದು ಅಂತ. ನಾನು ಆ ಪುಟ್ಟ ಬಾಗಿಲು ಹಿಡಿದುಕೊಂಡು ಅತ್ತೆನೋ ನಕ್ಕೆನೋ ಗೊತ್ತಿಲ್ಲ.

ನಿನ್ನ ಊರಿನ ತನಕ ಹೋಗುವ ಧೈರ್ಯ ಬರಲಿಲ್ಲ. ಮೊದಲು ಒಂದು ಪರೀಕ್ಷೆ ಆಗಲಿ ಅಂತ, ಲೇಬರ್ ಡೇ ರಜೆಯ ಗದ್ದಲ ಮುಗಿದ ಮೇಲೆ ಸೌತ್ ಹೇವನ್ ಹತ್ತಿರದ ಸ್ಟೇಟ್ ಪಾರ್ಕಿಗೆ ಹೋದೆವು, ಮಿಶಿಗನ್ ಸರೋವರದ ದಂಡೆ. ನಿಮ್ಮಪ್ಪ ಗಾಡಿ ರಿವರ್ಸ್ ತೆಗೆಯುವುದು, ನಾನು ಹಿಂದೆ ನಿಂತು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಹಾಗೆ ರೈಟ್ ರೈಟ್, ಹೋಲ್ಡಾನ್ ಅಂತ ಕೂಗುವುದು. ಕೊಳೆ ನೀರಿನ ಟ್ಯಾಂಕ್ ಖಾಲಿ ಮಾಡುವ ಕೆಲಸವನ್ನು ಅವರು ನನಗೆ ಮುಟ್ಟಗೊಡುವುದಿಲ್ಲ. ಕೈಗೆ ಗ್ಲೌಸ್, ಕಾಲಿಗೆ ಗಂಬೂಟು ಹಾಕಿಕೊಂಡು ಹೊರಡುವಾಗ ನೋಡಬೇಕು ಅವರ ಗತ್ತು.

ಮೊದಲ ಬೆಳಗು ಫ್ಯಾರನ್‌ಹೀಟ್ ಐವತ್ತೈದು ಡಿಗ್ರಿ, ನಮ್ಮೂರ ಲೆಕ್ಕದಲ್ಲಿ ಹದಿಮೂರರ ಚಳಿ. ಸ್ನಾನ ಮಾಡಿ, ಕಿಟಕಿಯ ಪಕ್ಕ ಕೂತು ಪೂಜೆ ಮಾಡಿಕೊಂಡೆ. ಮರಗಳ ನಡುವೆ ನೀಲಿ ನೀರು ಕಾಣುತ್ತಿತ್ತು. ಅಷ್ಟು ನಿರಾಳವಾದ ಪೂಜೆ ಎಷ್ಟೋ ದಿನದಿಂದ ಆಗಿರಲಿಲ್ಲ. ಎದ್ದವಳು ಉಮೇದಿನಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಶುರು ಮಾಡಿದೆ. ಗಾಡಿಯ ಅಡಿಗೆಕಟ್ಟೆ ತೆಳು ಹಲಗೆ, ಕೆಳಗೆ ಪೊಳ್ಳು. ನಾನು ಒಂದು ಪೆಟ್ಟು ಹಾಕಿದರೆ ಗಾಡಿಯೇ ಡೊಳ್ಳಿನ ಹಾಗೆ ಡಬ್ ಡಬ್ ಅನ್ನುತ್ತದೆ. ನನಗದು ಮನೆಯ ಸದ್ದು, ಗಮನಕ್ಕೇ ಬರಲಿಲ್ಲ. ಎರಡನೇ ರೊಟ್ಟಿಗೆ ಯಾರೋ ಬಾಗಿಲು ತಟ್ಟಿದರು. ಪಕ್ಕದ ಗಾಡಿಯ ಮುದುಕ, ನೈಟ್ ಡ್ರೆಸ್ಸಿನಲ್ಲೇ, ಕೈಯಲ್ಲಿ ದೊಡ್ಡ ಸುತ್ತಿಗೆ! ಗಾಡಿಗೆ ಏನೋ ಸಿಕ್ಕಿಹಾಕಿಕೊಂಡಿದೆ, ನಾವು ಹೊಡೆದು ಬಿಡಿಸುತ್ತಿದ್ದೇವೆ ಅಂದುಕೊಂಡು ಸಹಾಯಕ್ಕೆ ಬಂದಿದ್ದಾನೆ. ಅವನ ಹಿಂದೆ ಇನ್ನೂ ಇಬ್ಬರು. ಹಿಟ್ಟಿನ ಕೈ ಎತ್ತಿ ತೋರಿಸಿದೆ. ಬ್ರೆಡ್, ಬ್ರೆಡ್ ಅಂದೆ. ಬ್ರೆಡ್ಡನ್ನು ಯಾಕೆ ಹೊಡೀತೀರಿ ಅಂತ ಕೇಳಿದ. ಅದಕ್ಕೆ ನಿಮ್ಮಪ್ಪ, ಮದುವೆಯಾಗಿ ಮೂವತ್ತಾರು ವರ್ಷವಾಯಿತು, ನನ್ನನ್ನು ಹೊಡೆಯಬಾರದು ಅಂತ ಅದನ್ನು ಹೊಡೆಯುತ್ತಾಳೆ ಅಂದರು.

ಮಧ್ಯಾಹ್ನ ಅವರೆಲ್ಲ ನಮ್ಮ ಗಾಡಿಯ ಮುಂದಿನ ಬೆಂಚಿಗೆ ಊಟಕ್ಕೆ ಬಂದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಸುತ್ತಿಗೆಯವನ ಹೆಂಡತಿ ಡೋರಿಸ್, ಟೊಲಿಡೋ ಊರಿನವಳು, ಎಪ್ಪತ್ತರ ಮೇಲಾಗಿದೆ. ಖಾರಕ್ಕೆ ಮೂಗು ಕೆಂಪಾದರೂ ರೊಟ್ಟಿ ಕೈಬಿಡಲಿಲ್ಲ. ನೀವೆಲ್ಲ ಯಾಕೆ ಗಾಡಿ ಕೊಂಡಿರಿ ಅಂತ ನಾನೇ ಕೇಳಿದೆ. ಒಬ್ಬರಿಗೆ ಮೂರು ನಾಯಿ, ಯಾವ ಹೋಟೆಲಿನವರೂ ಜಾಗ ಕೊಡುವುದಿಲ್ಲವಂತೆ. ಇನ್ನೊಬ್ಬರಿಗೆ ಬೇರೆಯವರ ಹಾಸಿಗೆಯಲ್ಲಿ ನಿದ್ದೆ ಬಾರದು. ಡೋರಿಸ್ ಮೊಸರು ಬಡಿಸಿಕೊಳ್ಳುತ್ತ, ನನಗೆ ಉಚ್ಚೆ ನಿಲ್ಲೋದಿಲ್ಲ ನೋಡು, ಅದಕ್ಕೇ ಅಂದಳು. ಗಂಡಸರ ಎದುರಿಗೆ! ಅವಳ ಗಂಡ ತಲೆಯಾಡಿಸಿ, ಹೌದು, ಅವಳ ಸಲುವಾಗಿ ನಾನು ಅಮೆರಿಕದ ಪ್ರತಿ ಪೆಟ್ರೋಲ್ ಬಂಕಿನ ಬಾಗಿಲು ಕಾದಿದ್ದೇನೆ ಅಂದ. ಯಾರೂ ಬೆಚ್ಚಿಬೀಳಲಿಲ್ಲ. ನಾಯಿಯವರ ಹೆಂಡತಿ, ನನಗೂ ಅಷ್ಟೆ ಅಂತ ಕೈ ಎತ್ತಿದಳು.

ನಾನು ನಿಮ್ಮಪ್ಪನ ಕಡೆ ನೋಡಿದೆ. ಅವರು ರೊಟ್ಟಿಯ ಕಡೆ ನೋಡುತ್ತಿದ್ದರು. ನಾನೂ ಮೆಲ್ಲಗೆ ಕೈ ಎತ್ತಿದೆ. ಆಮೇಲೆ ನಗು ಬಂತು ನೋಡು, ಮೂರೂ ಹೆಂಗಸರಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕು, ನಗುತ್ತಲೇ ಮೂವರೂ ಎದ್ದು ನಮ್ಮ ನಮ್ಮ ಗಾಡಿಗೆ ಓಡಿದೆವು.

ಗಾಡಿಯ ಒಳಗೆ ಒಬ್ಬಳೇ ಕೂತಾಗ ನನ್ನ ಅವ್ವ ನೆನಪಾದಳು, ನಿನ್ನ ನೀಲಮ್ಮಜ್ಜಿ. ಗದಗಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಎಷ್ಟು ದೂರ? ನಿನ್ನ ಜಾವಳಕ್ಕೂ ಬರಲಿಲ್ಲ ಅವಳು. ಬಸ್ಸಿನ ವಾಸನಿ ಆಗಂಗಿಲ್ಲ ಅನ್ನುತ್ತಿದ್ದಳು. ಹೊಸ್ತಿಲು ದಾಟದ ನೀಲಮ್ಮ ಅಂತ ಮನೆಮಂದಿಯೆಲ್ಲ ಆಡಿಕೊಳ್ಳುತ್ತಿದ್ದೆವು. ನಾನೂ ನಿನ್ನ ಹಾಗೆಯೇ ಮುನಿಸಿಕೊಂಡು ಎರಡು ತಿಂಗಳು ಮಾತು ಬಿಟ್ಟಿದ್ದೆ. ಏಳು ಹೆತ್ತವಳು ವರ್ಷಾ, ಅವಳಿಗೆ ಬಸ್ಸಿನ ವಾಸನೆಯೇ ಕಾರಣವಾಗಿತ್ತು ಅಂತ ಈಗ ನನಗೆ ಅನ್ನಿಸುವುದಿಲ್ಲ. ಅವಳನ್ನು ಕೇಳೋಣವೆಂದರೆ ಅವಳಿಲ್ಲ.

ಅದಕ್ಕೇ ಈ ಪತ್ರ. ಎರಡನೇ ಹೆರಿಗೆಯ ಮೇಲೆ ನಿನಗೂ ಹೀಗೆ ಆಗಬಹುದು, ಆಗದೆಯೂ ಇರಬಹುದು. ಆದರೆ ಮುಚ್ಚಿಡಬೇಡ. ಡೋರಿಸ್ ಒತ್ತಾಯ ಮಾಡಿದ್ದಕ್ಕೆ ನಾನು ಡಾಕ್ಟರ ಹತ್ತಿರ ಹೋಗಿ ಬಂದೆ. ಯಾರೋ ಕ್ಯಾನ್ಸಲ್ ಮಾಡಿದ್ದರು, ನನಗೆ ಬೇಗ ಜಾಗ ಸಿಕ್ಕಿತು. ಆ ಡಾಕ್ಟರ್ ಹುಡುಗಿ ಕೆಲವು ವ್ಯಾಯಾಮ ಕಲಿಸಿದಳು, ಮಾತ್ರೆ ಕೊಟ್ಟಳು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ವರ್ಷ ಯಾಕೆ ಬರಲಿಲ್ಲ ಅಂದಳು. ಆಗಲೇ ಸ್ವಲ್ಪ ಗುಣ ಕಾಣುತ್ತಿದೆ. ಉಳಿದದ್ದಕ್ಕೆ ಗಾಡಿ ಇದೆ.

ಈಗ ನನ್ನ ಆಸೆ ಹೇಳುತ್ತೇನೆ. ನಿನ್ನ ಈ ಬಾಣಂತನ ನನಗೆ ಬೇಕು. ಬೀಗತಿಯೂ ಬರಲಿ, ಬೇಡ ಅನ್ನುವುದಿಲ್ಲ. ಅವರು ಮೆಣಸಿನ ಸಾರು ಮಾಡಲಿ, ನಾನು ಅಳವಿ ಪಾಯಸ ಮಾಡುತ್ತೇನೆ, ಯಾವುದು ಮೊದಲು ಖಾಲಿಯಾಗುತ್ತದೆ ನೋಡೋಣ. ಕೂಸಿಗೆ ಎರೆಯುವವಳು ಮಾತ್ರ ನಾನೇ. ಗದಗಿನ ತವರಿನಲ್ಲಿ ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳು ನಾನಲ್ಲ, ನಮ್ಮವ್ವ. ಆ ಪುಣ್ಯ ನನಗೆ ಒಂದು ಸಲವಾದರೂ ಸಿಗಲಿ. ಬಾ ಅಂತ ಒಂದು ಮಾತು ಹೇಳು ಸಾಕು. ಇನ್ನೂ ಸಿಟ್ಟಿದ್ದರೆ ಬಂದ ಮೇಲೆ ಎದುರಿಗೇ ಬೈದುಬಿಡು.

ನಿರಂಜನನಿಗೆ ಆಶೀರ್ವಾದ. ಮಾನ್ಯಾಳ ಎರಡೂ ಕೆನ್ನೆಗೆ ಮುತ್ತು. ಭಾರ ಎತ್ತಬೇಡ, ಎಡಮಗ್ಗುಲಾಗಿ ಮಲಗು.

ನಿನ್ನ ಉತ್ತರಕ್ಕೆ ಕಾದಿರುವ
ಅವ್ವ
(ಕಮಲವ್ವ ಗುರುಸಿದ್ದ)

ತಾ.ಕ.: ಶನಿವಾರ ಬೆಳಿಗ್ಗೆ, ಲೊಂಬಾರ್ಡ್. ಲಕೋಟೆಯ ಮೇಲೆ ಸ್ಟಾಂಪ್ ಇಲ್ಲದ್ದನ್ನು ನೀನು ನೋಡಿಯೇ ಇರುತ್ತೀ. ಅಂಚೆಗೆ ಹಾಕಿದರೆ ಉತ್ತರ ಬರುವ ತನಕ ಕೂರುವ ತಾಳ್ಮೆ ನನಗಿರಲಿಲ್ಲ. ನಿಮ್ಮಪ್ಪನೇ ಬಾಗಿಲ ಕೆಳಗೆ ತೂರಿಸಿ, ಕಳ್ಳನ ಹಾಗೆ ಓಡಿ ಬಂದಿರುತ್ತಾರೆ. ನಿಮ್ಮ ಬೀದಿಯ ಕೊನೆಯಲ್ಲಿ, ಮಕ್ಕಳ ಪಾರ್ಕಿನ ಪಕ್ಕ ನಿಂತಿದ್ದೇವೆ. ಬಸುರಿ ನೀನು ಅವಸರದಿಂದ ಮೆಟ್ಟಿಲು ಇಳಿಯಬೇಡ, ಮೊದಲು ಮಾನ್ಯಾಳನ್ನು ನಿರಂಜನನ ಜೊತೆ ಕಳಿಸು, ಅಜ್ಜಿ ಫೋನಿನಿಂದ ಹೊರಗೆ ಬಂದಿದ್ದಾಳೆ ಅಂತ ಹೇಳಿ. ಇನ್ನೊಂದು ಮಾತು. ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಇಲ್ಲಿಯ ತನಕ ಗಾಡಿ ನಿಲ್ಲಿಸಿದ್ದು ಎರಡೇ ಸಲ. ಎರಡು ಸಲವೂ ಅರ್ಜೆಂಟ್ ಆದದ್ದು ನಿಮ್ಮಪ್ಪನಿಗೆ.